ಚಿಕ್ಕಮ್ಮ ಕೇಳದ ಹಾಡು

ಚಿಕ್ಕಮ್ಮನ ತಲೆಯ ಮೇಲೆ ಒಂದು ತಗ್ಗು ಗೆರೆಯಿತ್ತು. ಬೈತಲೆ ಹಣೆಯಿಂದ ಹಿಂದಕ್ಕೆ ಹೋದರೆ ಇದು ಈ ಕಿವಿಯಿಂದ ಆ ಕಿವಿಗೆ ಹೋಗುತ್ತಿತ್ತು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ವರ್ಷಗಟ್ಟಲೆ ಹೆಡ್‌ಸೆಟ್ಟಿನ ಉಕ್ಕಿನ ಪಟ್ಟಿ ಕೂತು ಕೂತು ಕೂದಲು ಅಲ್ಲಿ ಅಡಗಿಹೋಗಿತ್ತು. ಎಣ್ಣೆ ಹಚ್ಚಿ ಬಾಚಿದರೂ, ಸೀಗೇಕಾಯಿ ಹಾಕಿ ಮಿಂದರೂ, ರಜೆಯ ದಿನವೂ ಆ ಗೆರೆ ಏಳುತ್ತಿರಲಿಲ್ಲ. ಗಂಡ ಹೋದ ಮೇಲೆ ಅವಳು ಹೂ ಮುಡಿಯುವಂತಿರಲಿಲ್ಲ. ಈ ತಲೆಗೆ ಸರ್ಕಾರ ಕೊಟ್ಟ ಒಡವೆ ಇದೊಂದೇ ಎಂದು ತಾನೇ ನಗುತ್ತಿದ್ದಳು.

ಅವಳು ನನ್ನ ತಾಯಿಯ ತಂಗಿ. ಗಂಡ ಟೆಲಿಫೋನ್ ಇಲಾಖೆಯಲ್ಲಿ ಲೈನ್‌ಮ್ಯಾನ್ ಆಗಿದ್ದ. ಮದುವೆಯಾಗಿ ಕೆಲವೇ ವರ್ಷಕ್ಕೆ ಜ್ವರ ಬಂದು ತೀರಿಕೊಂಡ, ಮಕ್ಕಳಿರಲಿಲ್ಲ. ಇಲಾಖೆ ಅವನ ಹೆಸರಿನಲ್ಲಿ ಇವಳಿಗೆ ಆಪರೇಟರ್ ಕೆಲಸ ಕೊಟ್ಟಿತು. ಕೊಯಮತ್ತೂರಿನ ಹಳೆಯ ಊರಿನಲ್ಲಿ, ಮನೆಯೊಳಗೆ ಕನ್ನಡ ಆಡುವ ನಮ್ಮ ದೇವಾಂಗದವರೇ ತುಂಬಿದ್ದ ನೇಕಾರರ ಬೀದಿಯಲ್ಲಿ, ಅತ್ತೆಯ ಜೊತೆ ಅವಳ ಸಂಸಾರ. ತಿರುಪ್ಪೂರಿನಲ್ಲಿ ಬನಿಯನ್ ಕಂಪನಿಯ ಕಟಿಂಗ್ ಮಾಸ್ಟರ್ ಆಗಿದ್ದ ನನ್ನಪ್ಪ, ಮಗಳು ಕಾಲೇಜು ಓದಬೇಕೆಂದು ನನ್ನನ್ನು ಆ ಮನೆಗೆ ಕಳಿಸಿದರು. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮುಂದಿನ ಕೋಣೆಯಲ್ಲಿ ನಿಂತುಹೋದ ಮಗ್ಗದ ಗುಂಡಿಯ ಮೇಲೆ ಹಲಗೆ ಮುಚ್ಚಿ ನನಗೆ ಓದಲು ಜಾಗ ಮಾಡಿಕೊಟ್ಟರು. ಚಿಕ್ಕಮ್ಮನ ಅತ್ತೆಯನ್ನು ನಾನು ಅಜ್ಜಿ ಎನ್ನುತ್ತಿದ್ದೆ. ಅಜ್ಜಿ ಇಡೀ ದಿನ ಪಡಸಾಲೆಯಲ್ಲಿ ಕೂತು ರಾಟೆ ತಿರುಗಿಸಿ ಬೀದಿಯ ಮಗ್ಗಗಳಿಗೆ ನೂಲು ಸುತ್ತಿಕೊಡುತ್ತಿದ್ದರು.

ಆ ಮನೆಯಲ್ಲಿ ಎರಡನೆಯ ಭಾನುವಾರವೇ ನನಗೆ ಗೊತ್ತಾಯಿತು: ನಮ್ಮ ಚಿಕ್ಕಮ್ಮ, ನಲವತ್ತರ ಹತ್ತಿರದ ವಿಧವೆ, ಗಿಟಾರು ಡ್ರಮ್ಮು ಬಾರಿಸುವ ನಾಲ್ವರು ಹುಡುಗರ ಹಿಂದೆ ಊರೆಲ್ಲ ತಿರುಗುತ್ತಾಳೆ.

ಹಿಂದೆ ತಿರುಗುವುದು ಎಂದರೆ ಅವರು ಎಲ್ಲಿ ಕಾರ್ಯಕ್ರಮ ಕೊಟ್ಟರೂ ಹೋಗಿ ಕೂರುವುದು. ಕೊಯಮತ್ತೂರಿನಲ್ಲಿ ಆಗ ಆರ್ಕೆಸ್ಟ್ರಾಗಳಿಗೆ ಬರವಿರಲಿಲ್ಲ. ಮದುವೆ ಮಂಟಪದಲ್ಲಿ, ಮಾರಿಯಮ್ಮನ ಹಬ್ಬದಲ್ಲಿ, ಮಿಲ್ಲುಗಳ ಆಯುಧಪೂಜೆಯಲ್ಲಿ ಸಿನಿಮಾ ಹಾಡನ್ನು ರೇಡಿಯೋದಲ್ಲಿ ಬಂದ ಹಾಗೇ ಹಾಡಿ ಚಪ್ಪಾಳೆ ಗಿಟ್ಟಿಸುವವರು ಬೀದಿಗೊಬ್ಬರಿದ್ದರು. ಈ ನಾಲ್ವರು ಮಾತ್ರ ಸಿನಿಮಾ ಹಾಡು ಮುಟ್ಟುತ್ತಿರಲಿಲ್ಲ. ತಾವೇ ತಮಿಳಿನಲ್ಲಿ ಕಟ್ಟಿದ್ದನ್ನು ಹಾಡುತ್ತಿದ್ದರು: ಸಿಟಿ ಬಸ್ಸಿನ ಮೇಲೊಂದು, ಪಾಳಿ ಮುಗಿಸಿ ಬರುವ ಮಿಲ್ ಹೆಂಗಸಿನ ಮೇಲೊಂದು, ಕಾರಣವೇ ಇಲ್ಲದೆ ಒಂದು. ಕೇಳಲು ಬರುತ್ತಿದ್ದವರಲ್ಲಿ ಅರ್ಧ ಜನ ಅವರ ಸ್ನೇಹಿತರು, ಕಾಲು ಭಾಗ ದಾರಿ ತಪ್ಪಿ ಬಂದವರು. ತಂಡಕ್ಕೆ ಹೆಸರು ಕೂಡ ನಿಂತಿರಲಿಲ್ಲ. ಯಾರ ಬ್ಯಾನರ್ ಎರವಲು ಸಿಕ್ಕಿತೋ ಅದರ ಹಿಂಬದಿಯಲ್ಲಿ ಆ ಸಲಕ್ಕೊಂದು ಹೆಸರು. ಚಿಕ್ಕಮ್ಮನಿಗೆ ಅವರು ಯಾವಾಗಲೂ ‘ನಮ್ಮ ಹುಡುಗ್ರು’.

ನಂಟು ಬೆಳೆದದ್ದು ಟ್ರಂಕ್ ಕಾಲಿನಿಂದ. ಒಂದು ಮಧ್ಯಾಹ್ನ ಒಬ್ಬ ಹುಡುಗ ಮದ್ರಾಸಿನ ಗೆಳೆಯನಿಗೆ ಕಾಲ್ ಬುಕ್ ಮಾಡಿದ. ಲೈನ್ ಸಿಕ್ಕಿದ್ದೇ, ಮಾತು ಕತೆ ಇಲ್ಲದೆ, ರಿಸೀವರನ್ನು ಎಲ್ಲೋ ಇಟ್ಟು ಗಿಟಾರು ಬಾರಿಸುತ್ತ ಹಾಡತೊಡಗಿದ. ಮೂರು ನಿಮಿಷಕ್ಕೆ ಆಪರೇಟರ್ ನಡುವೆ ಬಂದು ಸಮಯ ಮುಗಿಯಿತು ಎನ್ನಬೇಕು. ಮುಂದುವರಿಸುತ್ತೀರಾ ಎಂದು ಕೇಳಬೇಕು. ಚಿಕ್ಕಮ್ಮ ಸಮಯವಾಯಿತೆಂದು ನೋಡಿದಳು, ಸುಮ್ಮನೆ ಕೂತಳು. ಹಾಡು ಪೂರ್ತಿ ಮುಗಿದ ಮೇಲೆ ಬಾಯಿಬಿಟ್ಟು ಕೇಳಿದ್ದು ಒಂದೇ ಮಾತು: ಈ ಪಾಟನ್ನು, ಈ ಹಾಡನ್ನು, ಎದುರಿಗೆ ಕೂತು ಕೇಳಬೇಕಾದರೆ ಎಲ್ಲಿಗೆ ಬರಬೇಕು? ಹುಡುಗ ಮೊದಲು ಹೆದರಿದನಂತೆ, ಆಮೇಲೆ ಆರ್.ಎಸ್. ಪುರಂನ ಒಂದು ಸಣ್ಣ ಹಾಲ್ ಹೇಳಿದನಂತೆ, ಭಾನುವಾರ ಸಾಯಂಕಾಲ. ಅವನೇ ಆ ತಂಡದಲ್ಲಿ ಹಾಡುವವನು. ಅಂದಿನಿಂದ ಅವಳು ಅವರ ಒಂದು ಕಾರ್ಯಕ್ರಮವನ್ನೂ ಬಿಡಲಿಲ್ಲ. ಡ್ಯೂಟಿ ಬಿದ್ದರೆ ಪಕ್ಕದ ಸ್ವಿಚ್‌ಬೋರ್ಡಿನವಳ ಕೈಕಾಲು ಹಿಡಿದು ಪಾಳಿ ಬದಲಾಯಿಸಿಕೊಳ್ಳುತ್ತಿದ್ದಳು.

ನಾನು ಬಂದ ಮೇಲೆ ನಾನೂ ಜೊತೆ. ಅವಳಿಗೆ ಕೆಲವು ಕಟ್ಟುನಿಟ್ಟುಗಳಿದ್ದವು. ಹೆಡ್‌ಸೆಟ್ಟು ಕೂರುವ ಎಡಗಿವಿ ಆಗಲೇ ಮಂದವಾಗಿತ್ತು. ಆದ್ದರಿಂದ ಹಾಲಿನ ಎಡಬದಿಗೆ ಕೂತು ಬಲಗಿವಿಯನ್ನು ವೇದಿಕೆಗೆ ಕೊಡುತ್ತಿದ್ದಳು. ಚೀಲದಲ್ಲಿ ಒಣಶುಂಠಿ ಹಾಕಿದ ಸುಕ್ಕು ಕಾಫಿಯ ಫ್ಲಾಸ್ಕು. ಅದು ಹೊರಬರುವುದು ಎಲ್ಲ ಮುಗಿದ ಮೇಲೇ, ಮೊದಲ ಲೋಟ ಡ್ರಮ್ಮಿನ ಹುಡುಗನಿಗೆ, ಅವನೇ ಹೆಚ್ಚು ಬೆವರುವವನು ಎಂದು. ಹಾಡಿನ ನಡುವೆ ಮಾತಾಡಿದರೆ ನನ್ನ ತೊಡೆ ಚಿವುಟುತ್ತಿದ್ದಳು. “ಕೇಳೋದೂ ಒಂದು ವೇಲೆ ಕಣ್ಣು” ಎನ್ನುತ್ತಿದ್ದಳು. ಕಣ್ಣು ಎಂದರೆ ಮುದ್ದಿನಲ್ಲಿ ನಾನು, ವೇಲೆ ಎಂದರೆ ಕೆಲಸ. ನಮ್ಮ ಮನೆಗಳ ಕನ್ನಡದಲ್ಲಿ ಕೆಲಸಕ್ಕೆ ಹೋಗುವ ಮಾತೆಲ್ಲ ತಮಿಳೇ. ಹಾಡು ನಿಂತ ಕೂಡಲೇ ಚಪ್ಪಾಳೆ ತಟ್ಟುವವರನ್ನು ಕಂಡರೆ ಅವಳಿಗಾಗದು. ಸದ್ದು ಪೂರ್ತಿ ಹೋಗುವವರೆಗೆ ಕಾದು, ಎಲ್ಲರ ಚಪ್ಪಾಳೆ ಮುಗಿದ ಮೇಲೆ ತಾನೊಬ್ಬಳೇ ತಟ್ಟುತ್ತಿದ್ದಳು. ನನಗೋ ನಾಚಿಕೆಯಿಂದ ಪ್ರಾಣ ಹೋದ ಹಾಗಾಗುತ್ತಿತ್ತು.

ಇನ್ನೊಂದು ನಿಯಮವನ್ನು ಇಲ್ಲೇ ಹೇಳಿಬಿಡಬೇಕು. ಹುಡುಗರು ಅಭ್ಯಾಸ ಮಾಡುವ ಕಡೆಗೆ ಅವಳು ಕಾಲಿಡುತ್ತಿರಲಿಲ್ಲ. ಹೊಸ ಹಾಡೊಂದು ಆಗಿದೆ ಅಕ್ಕಾ, ಒಂದು ಸಲ ಕೇಳಿ ಎಂದು ಅವರು ಕರೆದರೆ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಅಡಿಗೆ ಮಾಡುವಾಗಲೇ ರುಚಿ ನೋಡಿ ನೋಡಿ ತಿಂದರೆ ಎಲೆಯ ಮುಂದೆ ಕೂತಾಗ ಹಸಿವಿರುವುದಿಲ್ಲ ಎಂಬುದು ಅವಳ ವಾದ. ಹಾಡನ್ನು ಮೊದಲ ಸಲ ಕೇಳುವುದು ಜನರ ನಡುವೆ ಕೂತೇ.

ಮದುಕ್ಕರೈಯ ಸಂಗತಿ ನೆನೆದರೆ ಈಗಲೂ ನಗು ಬರುತ್ತದೆ. ಅಲ್ಲಿನ ಸಿಮೆಂಟ್ ಕಾರ್ಖಾನೆಯ ಸಿಬ್ಬಂದಿ ಕ್ಲಬ್ಬಿನವರು, ಯಾವುದೋ ಆರ್ಕೆಸ್ಟ್ರಾ ಎಂದು ತಿಳಿದು ನಮ್ಮ ಹುಡುಗರನ್ನು ಕರೆಸಿದ್ದರು. ಕುರ್ಚಿಗಳ ಮೇಲೆಲ್ಲ ಸಿಮೆಂಟಿನ ಬೂದಿ ಪುಡಿ. ಎರಡನೆಯ ಹಾಡಿಗೇ ಹಿಂದಿನಿಂದ ಶಿಳ್ಳೆ ಶುರುವಾಯಿತು; ಸಿನಿಮಾ ಪಾಟು ಹಾಡ್ರೋ ಎಂದು ಕೂಗು. ಹಾಡುವವನು ಸಾಲಿನ ನಡುವೆಯೇ ನಿಲ್ಲಿಸಿದ. ಗಿಟಾರಿನವನು ನೆಲ ನೋಡಿದ. ಆಗ ಎಡಬದಿಯಿಂದ ಚಿಕ್ಕಮ್ಮ ಎದ್ದಳು. ಸೆರಗು ಸರಿಮಾಡಿಕೊಂಡು ಜನರತ್ತ ತಿರುಗಿ, ಎಕ್ಸ್‌ಚೇಂಜಿನಲ್ಲಿ ಹೇಳುವ ಅದೇ ದನಿಯಲ್ಲಿ, ಏರಿಸದೆ ಇಳಿಸದೆ, “ದಯವುಸೆಯ್ದು ಲೈನ್‌ಲ ಇರುಂಗ” ಎಂದಳು. ದಯವಿಟ್ಟು ಲೈನಿನಲ್ಲಿರಿ. ಟ್ರಂಕ್ ಕಾಲಿಗೆ ಕಾದು ಕಾದು ಆ ದನಿಗೆ ಒಗ್ಗಿಹೋದ ಜನ. ಇಡೀ ಹಾಲ್ ನಕ್ಕಿತು, ನಕ್ಕು ಸುಮ್ಮನಾಯಿತು. ಉಳಿದ ಹಾಡುಗಳನ್ನು ಯಾರೂ ತಡೆಯಲಿಲ್ಲ.

ಬೀದಿಯವರು ಆಡಿಕೊಳ್ಳಲಿಲ್ಲವೇ? ಆಡಿಕೊಂಡರು. ಗಡಿಗೆಯ ಬಾಯಿಯಾದರೆ ಮುಚ್ಚಬಹುದು, ಊರ ಬಾಯಿಗೆ ಮುಚ್ಚಳ ಎಲ್ಲಿಂದ ತರುವುದು? ಗಂಡ ಸತ್ತವಳಿಗೆ ಗಂಡುಹುಡುಗರ ಪಾಟೇನು, ಕೂಟವೇನು ಎಂದರು. ಅವರಿಗೆ ಉತ್ತರ ಕೊಟ್ಟದ್ದು ಅಜ್ಜಿ. ರಾಟೆ ನಿಲ್ಲಿಸದೆಯೇ, ನನ್ನ ಸೊಸೆ ಎಲ್ಲಿಗೆ ಹೋದರೂ ಮನೆಯ ಮುರೆ, ಕಟ್ಟಳೆ ಬಿಟ್ಟಿಲ್ಲ, ನಿಮ್ಮ ಸೊಸೆಯರ ಕತೆ ಹೇಳಿ ಎನ್ನುತ್ತಿದ್ದರು. ಅತ್ತೆ ಸೊಸೆಯರ ನಡುವೆ ಬಾಯಿಬಿಟ್ಟು ಆಡದ ಒಂದು ಒಪ್ಪಂದ ಅದು. ಚಿಕ್ಕಮ್ಮ ಎಲ್ಲಿಗೆ ಬೇಕಾದರೂ ಹೋಗಬಹುದು. ಆದರೆ ಕುಲದ ಕಟ್ಟಳೆಯಲ್ಲಿ ಒಂದೆಳೆಯೂ ಸಡಿಲವಾಗಕೂಡದು. ಅಮಾವಾಸ್ಯೆಯ ಮಡಿ, ಚೌಡಮ್ಮನ ಪೂಜೆ, ದಾಯಾದಿಗಳ ಮನೆಯ ಹುಟ್ಟು ಸಾವು ಎಲ್ಲವನ್ನೂ ಚಿಕ್ಕಮ್ಮ ಹಿಡಿದಷ್ಟು ಬಿಗಿಯಾಗಿ ಬೀದಿಯಲ್ಲಿ ಯಾರೂ ಹಿಡಿಯುತ್ತಿರಲಿಲ್ಲ. ನನಗೆ ಸಿಟ್ಟು ಬರುತ್ತಿತ್ತು. ಇಷ್ಟೆಲ್ಲ ಯಾಕೆ ಎಂದರೆ, ಮಗ್ಗದ ಹಾಸು ಒಂದು ಕಡೆ ಸಡಿಲ ಬಿಟ್ಟರೆ ಇನ್ನೊಂದು ಕಡೆ ಎಳೆದು ಕಟ್ಟಬೇಕಲ್ಲ ಎಂದು ನಗುತ್ತಿದ್ದಳು. ನೇಕಾರರ ಮನೆಯ ಸೊಸೆ.

ಹುಡುಗರು ಒಮ್ಮೊಮ್ಮೆ ಮನೆಗೆ ಬಂದು ಪಡಸಾಲೆಯಲ್ಲಿ ಕೂತು ಇಡ್ಲಿ ತಿಂದು ಹೋಗುತ್ತಿದ್ದರು. ಅಜ್ಜಿ ನೂಲು ಸುತ್ತುತ್ತ ಗುನುಗುವುದನ್ನು ಹಾಡುವವನು ಕೇಳಿದ್ದು ಹಾಗೆ. ಅದು ಅಜ್ಜಿಯ ತಾಯಿಮನೆಯಿಂದ ಬಂದದ್ದು. ರಾಗವೇನಿಲ್ಲ; ಸುತ್ತು ಎಣಿಸುವ ಹಾಗೆ ಒಂದೇ ಮಟ್ಟದಲ್ಲಿ ಹೇಳಿಕೊಳ್ಳುವುದು.

ನೂಲು ಕಡಿದ್ರೆ ಗಂಟಾಕು ಮಗಳೇ,
ಕಡೀಬಾರ್ದು ಅಂತ ಅಳಬೇಡ ಮಗಳೇ,
ಕಡಿದ ಕಡೆ ಬೆರಳು ನಿಲ್ಲಿಸು ಮಗಳೇ,
ನಿಂತ ಕಡೆಯಿಂದ ಸುತ್ತು ಮಗಳೇ.

ಅವನಿಗೆ ಕನ್ನಡ ಬಾರದು. ಚಿಕ್ಕಮ್ಮ ಒಂದೊಂದು ಮಾತಿಗೂ ತಮಿಳಿನಲ್ಲಿ ಅರ್ಥ ಹೇಳಿದಳು. ಅವನು ತಮಿಳು ಅಕ್ಷರದಲ್ಲೇ ಬರೆದುಕೊಂಡ. ನಮಗಾದರೂ ಕನ್ನಡ ಅಕ್ಷರ ಎಲ್ಲಿ ಬರುತ್ತಿತ್ತು? ಇದಕ್ಕೆ ನಾವು ಮೆಟ್ಟು ಹಾಕುತ್ತೇವೆ, ರಾಗ ಕಟ್ಟುತ್ತೇವೆ ಅಕ್ಕಾ ಎಂದು ಹೇಳಿ ಹೋದ. ಚಿಕ್ಕಮ್ಮ ಆ ದಿನವೆಲ್ಲ ಒಂದು ಥರಾ ಇದ್ದಳು. ರಾತ್ರಿ ಊಟಕ್ಕೆ ಕೂತಾಗ, “ನಮ್ಮ ಮನೆ ಮಾತು ಮೈಕ್‌ನಲ್ಲಿ ಹೆಂಗಿರುತ್ತೋ ಅತ್ತೆ” ಎಂದಳು. ಬೀದಿಯ ಕೊನೆ ದಾಟಿದರೆ ನಾವು ಯಾರೂ ಬಾಯಿಗೆ ತರದ ಮಾತು ಅದು. ಅಜ್ಜಿ ಇನ್ನೊಂದು ಸೌಟು ಸಾರು ಬಡಿಸಿದರು.

ಹಾಡು ಸಿದ್ಧವಾಗಲು ತಿಂಗಳುಗಳೇ ಹಿಡಿದವು. ಅಷ್ಟರಲ್ಲಿ ತಂಡವೇ ಚೆದುರುವ ಹೊತ್ತು ಬಂತು. ಹಾಡುವವನಿಗೆ ಮಸ್ಕತ್ತಿನಲ್ಲಿ ಕೆಲಸ ಸಿಕ್ಕಿತು. ಡ್ರಮ್ಮಿನವನಿಗೆ ಮದ್ರಾಸು. ಗಿಟಾರಿನವನ ಅಪ್ಪ ತಿರುಪ್ಪೂರಿನ ವ್ಯಾಪಾರಕ್ಕೆ ಬಾ ಎಂದು ಕುತ್ತಿಗೆಯ ಮೇಲೆ ಕೂತಿದ್ದರು. ಆರ್ಗನ್ ಬಾರಿಸುತ್ತಿದ್ದವನ ಮನೆಯಲ್ಲಿ ಮದುವೆಯ ಮಾತು. ಕೊನೆಯದಾಗಿ ಒಂದು ಭಾನುವಾರ, ಅದೇ ಆರ್.ಎಸ್. ಪುರಂ ಹಾಲಿನಲ್ಲಿ ಒಂದು ಕಾರ್ಯಕ್ರಮ ಎಂದು ನಿಶ್ಚಯವಾಯಿತು. ಅದರಲ್ಲೂ ಎಲ್ಲಕ್ಕಿಂತ ಕೊನೆಗೆ ಅಜ್ಜಿಯ ನೂಲಿನ ಹಾಡು. ಸೋಮವಾರ ಹಾಡುವವನು ಬೊಂಬಾಯಿಗೆ ರೈಲು ಹತ್ತುತ್ತಾನೆ.

ಚಿಕ್ಕಮ್ಮ ಆ ಭಾನುವಾರಕ್ಕೆಂದು ಮೊದಲೇ ರಜೆ ಬರೆದುಕೊಟ್ಟಳು. ಹತ್ತಿ ಸೀರೆಗೆ ಗಂಜಿ ಹಾಕಿ ಮಡಿಸಿಟ್ಟಳು. ಅಜ್ಜಿಯನ್ನೂ ಕರೆದುಕೊಂಡು ಹೋಗುವ ಮಾತಾಯಿತು. ಜನ್ಮದಲ್ಲಿ ಅಂಥ ಕಡೆ ಕಾಲಿಡದ ಅಜ್ಜಿ, ಅಲ್ಲಿ ಕೂರಲು ಬೆಂಚು ಇರುತ್ತದೋ ಇಲ್ಲವೋ ಎಂದು ನನ್ನನ್ನು ಗುಟ್ಟಾಗಿ ಕೇಳಿದರು.

ಶನಿವಾರ ಬೆಳಿಗ್ಗೆ ಸುದ್ದಿ ಬಂತು. ಬಂದದ್ದು ಬೇರೆ ಯಾರಿಗೂ ಅಲ್ಲ, ಬೋರ್ಡಿನ ಮುಂದೆ ಕೂತಿದ್ದ ಚಿಕ್ಕಮ್ಮನಿಗೇ. ಮಡತ್ತುಕುಳಂನಿಂದ ಬಂದ ಕಾಲ್: ಅಲ್ಲಿದ್ದ ದಾಯಾದಿ ದೊಡ್ಡಪ್ಪ ಬೆಳಗಿನ ಜಾವ ಹೋಗಿಬಿಟ್ಟರು. ಚಿಕ್ಕಮ್ಮನ ಗಂಡನ ಮನೆತನದವರು. ಪ್ರತಿವರ್ಷ ಕುಲದೇವರ ಪೂಜೆಗೆ ಬಂದು ಗಂಡಸರ ಸಾಲಿನಲ್ಲಿ ಕೂತು ಹೋಗುತ್ತಿದ್ದ ವಯಸ್ಸಾದವರು. ನಾನು ಒಂದೆರಡು ಸಲ ನೋಡಿದ್ದೆ, ಹಲ್ಲಿಲ್ಲದ ಬಾಯಲ್ಲಿ ವೀಳ್ಯ ಕುಟ್ಟಿ ಹಾಕಿಕೊಳ್ಳುತ್ತಿದ್ದರು.

ನಮ್ಮಲ್ಲಿ ದಾಯಾದಿ ಹೋದರೆ ಹತ್ತು ದಿನ ಸೂತಕ. ಹನ್ನೊಂದನೆಯ ದಿನ ಮಿಂದ ಮೇಲೆ ಬಿಡುಗಡೆ. ಹೊಟ್ಟೆಪಾಡಿನ ಕೆಲಸಕ್ಕೆ ಹೋಗಬಹುದು. ದೇವರಿಗೆ ದೀಪವಿಲ್ಲ, ಹಬ್ಬವಿಲ್ಲ, ಹಾಡುವಂತಿಲ್ಲ, ಹಾಡು ಕೇಳುವಂತಿಲ್ಲ. ನಾನು ಅಪ್ಪನ ಕುಲದವಳು, ನನಗದು ತಗುಲುವುದಿಲ್ಲ. ಅಜ್ಜಿಗೆ, ಚಿಕ್ಕಮ್ಮನಿಗೆ ತಗುಲುತ್ತದೆ.

ಚಿಕ್ಕಮ್ಮ ಮನೆಗೆ ಬಂದು ವಿಷಯ ಹೇಳಿ, ತಲೆಗೆ ನೀರು ಹಾಕಿಕೊಂಡು, ಗಂಜಿ ಹಾಕಿದ ಸೀರೆಯನ್ನು ಪೆಟ್ಟಿಗೆಗೆ ಹಿಂತಿರುಗಿಸಿದಳು. ನಾನು ಹಾರಾಡಿದೆ. ಆರ್.ಎಸ್. ಪುರಂನಲ್ಲಿ ನಿನ್ನ ಕುಲ ಯಾರಿಗೆ ಗೊತ್ತು, ಬಾಗಿಲ ಹತ್ತಿರ ನಿಂತು ಒಂದೇ ಒಂದು ಹಾಡು ಕೇಳಿ ಬಂದುಬಿಡು, ವರ್ಷಕ್ಕೊಮ್ಮೆ ಕಾಣುವ ಮುದುಕನಿಗೆ ಇದೆಲ್ಲ ಬೇಕೇ ಎಂದೆಲ್ಲ ಬಾಯಿಗೆ ಬಂದದ್ದು ಆಡಿದೆ. ಅಜ್ಜಿ ರಾಟೆಯ ಮುಂದೆ ಕೈಕಟ್ಟಿ ಕೂತಿದ್ದರು. ಹೋಗು ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಚಿಕ್ಕಮ್ಮ ಅವರ ಮುಖವನ್ನೊಮ್ಮೆ ನೋಡಿದಳು.

“ಅತ್ತೆ ಇಷ್ಟು ವರ್ಷ ನನ್ನ ಪರವಾಗಿ ಬೀದಿಗೆ ಮಾತು ಕೊಟ್ಟಿದ್ದಾರೆ ಕಣ್ಣು” ಎಂದಳು. “ಅದನ್ನ ಒಂದು ಪಾಟಿಗೆ ಕಡೀಲಾ?”

ಆಮೇಲೆ ನನಗೆ ಅಪ್ಪಣೆಗಳಾದವು. ನೀನು ಹೋಗು. ಎಡಬದಿಗೆ ಕೂರು. ಫ್ಲಾಸ್ಕು ಮರೆಯಬೇಡ, ಡ್ರಮ್ಮಿನವನಿಗೆ ಮೊದಲ ಲೋಟ. ಗೆಳತಿಯ ಅಣ್ಣನ ಟೇಪ್ ರೆಕಾರ್ಡರ್ ಕೇಳಿ ತಾ, ಆ ಹಾಡು ಹಿಡಿದಿಡು. ಸೂತಕ ಕಳೆದ ಮೇಲೆ ಕೇಳುತ್ತೇನೆ. ಟೇಪಿನಲ್ಲಿ ಹಾಡುವವರ ಕೈ ಕಾಣುವುದಿಲ್ಲ ಎಂದು ಸದಾ ಮೂಗು ಮುರಿಯುತ್ತಿದ್ದವಳು ತಾನೇ ಟೇಪು ಎಂದಾಗ ನಾನು ವಾದ ಬಿಟ್ಟು ಗೆಳತಿಯ ಮನೆಗೆ ಹೊರಟೆ.

ಅಂದು ಹಾಲ್ ತುಂಬಿತ್ತು. ಕೊನೆಗೂ ತುಂಬಿತ್ತು. ಅಕ್ಕ ಬರುವುದಿಲ್ಲ ಎಂದಾಗ ಹಾಡುವವನ ಮುಖ ಇಳಿಯಿತು. ಮನೆಗೇ ಬಂದು ಅಂಗಳದಲ್ಲಿ ಹಾಡಿ ಹೋಗಲೇ ಎಂದ. ಅದೂ ಆಗದು ಎಂದು ಸೂತಕದ ಕತೆ ವಿವರಿಸಬೇಕಾಯಿತು. ಕೊನೆಯ ಹಾಡು ಬಂದಾಗ ಟೇಪಿನ ಗುಂಡಿ ಒತ್ತಿದೆ. ಅದು ಹೇಗಿತ್ತು ಎಂದು ಇಷ್ಟು ವರ್ಷ ಹೇಳಲು ಹೆಣಗಿದ್ದೇನೆ, ಇಲ್ಲೂ ಹೆಣಗುತ್ತೇನೆ. ಮೊದಲು ಅವನೊಬ್ಬನೇ, ಗಿಟಾರಿನ ಒಂದೇ ತಂತಿಯ ಜೊತೆ. ತಮಿಳು ನಾಲಿಗೆಯಲ್ಲಿ ನಮ್ಮ ಮನೆಯ ಮಾತು. ಆಮೇಲೆ ಡ್ರಮ್ಮಿನವನು ಕೋಲು ಬಿಟ್ಟು ಬರೀ ಬೆರಳಲ್ಲಿ, ರಾಟೆಯ ಹಾಗೆ, ಸುತ್ತತೊಡಗಿದ. ಮೂರನೆಯ ಸಾಲಿಗೆ ರಾಗ ಎಲ್ಲಿಗೋ ಏರಿತು, ಏರಿ ನಿಂತಿತು, ಬೆರಳು ನಿಂತಿತು, ಹಾಲೇ ನಿಂತ ಹಾಗಾಯಿತು. ಆಮೇಲೆ ನಿಂತ ಕಡೆಯಿಂದ ಮತ್ತೆ. ನನ್ನ ಮೈಮೇಲಿನ ಕೂದಲೆಲ್ಲ ಎದ್ದಿತ್ತು. ನಮ್ಮ ಅಜ್ಜಿಯ ಪಡಸಾಲೆಯನ್ನು ಇಷ್ಟು ಜನ ಬಾಯಿ ಮುಚ್ಚಿಕೊಂಡು ಕೇಳುತ್ತಿದ್ದಾರೆ ಎಂದು ಅಳು ಬಂತು. ಎಲ್ಲರ ಚಪ್ಪಾಳೆ ಮುಗಿದ ಮೇಲೆ ನಾನೊಬ್ಬಳೇ ತಟ್ಟಿದೆ. ಆ ದಿನ ನಾಚಿಕೆಯಾಗಲಿಲ್ಲ.

ಸೋಮವಾರ ರೈಲಿಗೆ ಮುಂಚೆ ಹಾಡುವವನು ಎಕ್ಸ್‌ಚೇಂಜಿಗೆ ಫೋನ್ ಮಾಡಿದನಂತೆ. ಅಕ್ಕಾ, ಈಗಲೇ ಹಾಡಲೇ, ಮೊದಲ ಸಲದ ಹಾಗೆ ಎಂದನಂತೆ. ಬೇಡ ತಮ್ಮಾ, ಸೂತಕದಲ್ಲಿ ಎಲ್ಲಿ ಕೇಳಿದರೂ ಕೇಳಿದ ಹಾಗೇ, ಹುಷಾರಾಗಿ ಹೋಗಿ ಬಾ ಎಂದು ಹೇಳಿ ಲೈನ್ ತೆಗೆದದ್ದು ಅವಳೇ. ಅವತ್ತು ಮೂರು ನಿಮಿಷ ಆಗಿರಲೂ ಇಲ್ಲ.

ಆ ದಿನಗಳಲ್ಲಿ ನಾನು ಮನೆಯಲ್ಲಿ ಗುನುಗುವಂತಿರಲಿಲ್ಲ. ಬಾಯಿ ತೆರೆದರೆ ಅಜ್ಜಿ ಕಣ್ಣು ಬಿಡುತ್ತಿದ್ದರು. ಟೇಪಿದೆಯಲ್ಲ ಎಂದು ನಾನೂ ನೆನಪಿಗೆ ಹೆಚ್ಚು ತೊಂದರೆ ಕೊಡಲಿಲ್ಲ. ಕ್ಯಾಸೆಟ್ಟನ್ನು ಚಿಕ್ಕಮ್ಮ ಒಗೆದ ಟವೆಲಿನಲ್ಲಿ ಸುತ್ತಿ ಅಟ್ಟದ ಮೇಲಿಟ್ಟಳು. ಬಚ್ಚಲಿಗೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಅತ್ತ ನೋಡುತ್ತಿದ್ದಳು.

ಹನ್ನೊಂದನೆಯ ದಿನ ಮೂವರೂ ಬಸ್ಸು ಹತ್ತಿ ಮಡತ್ತುಕುಳಂಗೆ ಹೋದೆವು. ಅಮರಾವತಿ ಹೊಳೆಯಲ್ಲಿ ಮಿಂದು ಬಂದು ಹೆಂಗಸರು ಒಂದು ಕಡೆ ಕೂತಿದ್ದರು. ಮನೆತನದ ಹಿರಿಯರೊಬ್ಬರು ಅಜ್ಜಿಯ ಬಳಿ ಬಂದು ಕ್ಷೇಮ ವಿಚಾರಿಸುತ್ತ, ನೀವು ಹತ್ತು ದಿನ ಯಾಕೆ ಹಿಡಿದಿರಿ ಎಂದು ಕೇಳಿದರು. ಅಜ್ಜಿಗೆ ಅರ್ಥವಾಗಲಿಲ್ಲ. “ಚಿಕ್ಕ ವಯಸ್ಸಲ್ಲೇ ಅವನನ್ನ ಮಾವನ ಮನೆಗೆ ದತ್ತು ಕೊಟ್ಟಿತ್ತಲ್ಲಮ್ಮ” ಎಂದರು ಹಿರಿಯರು. “ಅವನ ಕುಲಾನೇ ಬೇರೆ. ನಿಮಗೆ ತಲೆಗೆ ನೀರು ಹಾಕ್ಕೊಂಡ್ರೆ ಮುಗೀತು.”

ಸಾಕಿಕೊಂಡ ತಂದೆ ಬೇಗ ಸತ್ತು, ಹುಡುಗ ಹುಟ್ಟಿದ ಮನೆಗೇ ವಾಪಸು ಬಂದು ಬೆಳೆದಿದ್ದ. ಪೂಜೆಗೆ ಬರುತ್ತಿದ್ದ, ಸಾಲಿನಲ್ಲಿ ಕೂರುತ್ತಿದ್ದ. ಇವನನ್ನು ಎಬ್ಬಿಸುವ ಮನಸ್ಸು ಯಾರಿಗೂ ಬಂದಿರಲಿಲ್ಲ. ಆಮೇಲೆ ಸೊಸೆಯಾಗಿ ಬಂದ ಅಜ್ಜಿಗೆ ಈ ಮಾತನ್ನು ಯಾರೂ ಹೇಳಿರಲಿಲ್ಲ. ಶನಿವಾರ ಒಂದು ಬಿಂದಿಗೆ ನೀರು ಸುರಿದುಕೊಂಡಾಗಲೇ ಅವರಿಬ್ಬರ ಸೂತಕ ಮುಗಿದಿತ್ತು. ಭಾನುವಾರ ಅವರು ಗಂಜಿ ಹಾಕಿದ ಸೀರೆ ಉಟ್ಟು ಹೋಗಬಹುದಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ಅಜ್ಜಿ ಕಿಟಕಿಗೆ ತಲೆ ಕೊಟ್ಟು ಅತ್ತರು. ನಾನು ಒಂದು ಮಾತು ಕೇಳಬೇಕಾಗಿತ್ತು, ಕೇಳದೆ ಹೋದೆ ಎಂದು ಹಣೆ ಬಡಿದುಕೊಂಡರು. ಕೈಗೆ ಬಂದ ತುತ್ತು ಬಾಯಿಗೆ ಬಾರದೆ ಹೋದದ್ದು ಸೊಸೆಗೆ, ಅಳು ಅತ್ತೆಗೆ. ಚಿಕ್ಕಮ್ಮ ಅವರ ಕೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡಳು.

“ಬಿಡೀಂಗ ಅತ್ತೆ. ಸತ್ತವ್ರಿಗೆ ಹತ್ತು ದಿನ ಜಾಸ್ತಿ ಸಿಕ್ಕಿತು. ಅಷ್ಟುತಾನೆ.”

ಮನೆಗೆ ಬಂದು ದೀಪ ಹಚ್ಚಿ ಟೇಪು ಹಾಕಿದೆವು. ಅಜ್ಜಿಯೂ ಹತ್ತಿರ ಬಂದು ಕೂತರು. ಚಿಕ್ಕಮ್ಮ ಬಲಗಿವಿ ಕೊಟ್ಟು ಬಾಗಿದಳು. ಮೊದಲ ಸಾಲು ಬಂತು. ಎರಡನೆಯ ಸಾಲು ಬಂತು. ಅಷ್ಟರಲ್ಲಿ ಗರ್ ಎಂದು ಸದ್ದು ಶುರುವಾಗಿ ಬೇರೆಲ್ಲವನ್ನೂ ನುಂಗಿಹಾಕಿತು. ಅಂದು ಹಾಲಿನಲ್ಲಿ ಸೆಕೆ ಎಂದು ಯಾರೋ ನನ್ನ ಪಕ್ಕದ ಸ್ಟ್ಯಾಂಡ್ ಫ್ಯಾನ್ ಹಾಕಿದ್ದರು. ಗಾಳಿಗೆ ಹಾಯೆಂದು ಕೂತಿದ್ದ ನನಗೆ ಅದು ಟೇಪಿಗೂ ಕೇಳಿಸುತ್ತದೆ ಎಂದು ಹೊಳೆದಿರಲಿಲ್ಲ. ಕ್ಯಾಸೆಟ್ಟನ್ನು ಮತ್ತೆ ಮತ್ತೆ ಹಿಂದಕ್ಕೆ ತಿರುಗಿಸಿದೆವು. ಎರಡು ಸಾಲು, ಆಮೇಲೆ ಫ್ಯಾನು. ಕೊನೆಯಲ್ಲಿ, ಬಹಳ ದೂರದಿಂದ ಬಂದ ಹಾಗೆ, ಒಬ್ಬಳೇ ತಟ್ಟುವ ಚಪ್ಪಾಳೆ.

ಆಗ ನನ್ನನ್ನು ಕೇಳಿದಳು: ಹಾಡು. ನಾನು ಬಾಯಿ ತೆರೆದೆ. ಎರಡು ಸಾಲು ಟೇಪಿನ ಹಾಗೇ ಬಂದವು. ಮೂರನೆಯದಕ್ಕೆ ಎಲ್ಲಿಗೆ ಏರಬೇಕೆಂದು ಗೊತ್ತಿತ್ತು. ಹೇಗೆ ಎಂಬುದು ಹೋಗಿಬಿಟ್ಟಿತ್ತು. ಹತ್ತು ದಿನ ಬಾಯಿ ಮುಚ್ಚಿಸಿಕೊಂಡ ರಾಗ ಒಳಗೇ ಎಲ್ಲೋ ಬತ್ತಿತ್ತು. ಬರೀ ಮಾತುಗಳನ್ನು ಹೇಳಿದೆ. ಮಾತು ಅಜ್ಜಿಗೂ ಗೊತ್ತಿತ್ತು.

ಹಾಡುವವನು ಮಸ್ಕತ್ತಿನಿಂದ ಎಲ್ಲಿಗೆ ಹೋದನೋ, ಮತ್ತೆ ಸುದ್ದಿಯಿಲ್ಲ. ಗಿಟಾರಿನವನು ಬಹಳ ವರ್ಷಗಳ ಮೇಲೆ ತಿರುಪ್ಪೂರಿನ ಮದುವೆಯೊಂದರಲ್ಲಿ ಸಿಕ್ಕಿದ, ಹೊಟ್ಟೆ ಬಂದಿತ್ತು. ಆ ಹಾಡಾ, ಒಂದೇ ಒಂದು ಸಲ ಹಾಡಿದ್ದಲ್ಲವೇ ಎಂದು ಕಣ್ಣು ಮುಚ್ಚಿ ಬೆರಳಾಡಿಸಿ ನೋಡಿ, ತಲೆಯಾಡಿಸಿದ.

ಚಿಕ್ಕಮ್ಮ ಬೇರೆ ತಂಡಗಳನ್ನು ಹುಡುಕಿಕೊಂಡು ಹೋಗುವುದನ್ನು ಬಿಡಲಿಲ್ಲ. ಕಾಲೇಜಿನ ಹುಡುಗರು, ಚರ್ಚಿನ ಹುಡುಗರು, ಯಾರು ಸ್ವಂತದ್ದೊಂದು ಕಟ್ಟಿದರೂ ಎಡಬದಿಯ ಕುರ್ಚಿ ಅವಳದೇ. ಅಜ್ಜಿ ಹೋದರು. ಎಕ್ಸ್‌ಚೇಂಜಿಗೆ ಯಂತ್ರ ಬಂದು ಬೋರ್ಡು ಹೋಯಿತು. ನಾನು ಮದುವೆಯಾಗಿ ಮೈಸೂರಿಗೆ ಬಂದೆ. ಇಲ್ಲಿ ಬಂದು ಕನ್ನಡ ಅಕ್ಷರ ಕಲಿತೆ. ಆಮೇಲೆ ಅವಳ ಬಲಗಿವಿಯೂ ಎಡಗಿವಿಯ ದಾರಿ ಹಿಡಿಯಿತು. ಪ್ರತಿ ಸಲ ನಾನು ಹೋದಾಗ ಊಟ ಮುಗಿದ ಮೇಲೆ ಎದುರಿಗೆ ಕೂತು, ನನ್ನ ತುಟಿ ನೋಡುತ್ತ, ಹೆಂಗಿತ್ತು ಹೇಳು ಎನ್ನುತ್ತಿದ್ದಳು. ಯಾವುದು ಎಂದು ಕೇಳಬೇಕಾಗಿರಲಿಲ್ಲ. ನಾನು ಹೇಳುತ್ತಿದ್ದೆ: ಒಂದೇ ತಂತಿ, ಬೆರಳಿನ ಡ್ರಮ್ಮು, ಏರಿ ನಿಂತದ್ದು. ವರ್ಷ ಕಳೆದಂತೆ ಅಲ್ಲಿಷ್ಟು ಇಲ್ಲಿಷ್ಟು ಸೇರಿಸುತ್ತಿದ್ದೆ. ಎಲ್ಲರ ಟ್ರಂಕ್ ಕಾಲನ್ನೂ ನೆನಪಿನಲ್ಲಿ ಇಟ್ಟುಕೊಂಡವಳಿಗೆ ಮೋಸ ಮಾಡಲಾಗುತ್ತದೆಯೇ? ಹೋದ ಸಲ ಆರ್ಗನ್ ಆಮೇಲೆ ಬಂತು ಅಂದೆ, ಈ ಸಲ ಮೊದ್ಲೇ ಬಂತಾ ಎಂದು ಹಿಡಿಯುತ್ತಿದ್ದಳು.

ಕೊನೆಯ ಸಲ ಆಸ್ಪತ್ರೆಯ ಮಂಚದ ಮೇಲೆ ಕೇಳಿದಳು. ಕೂದಲೆಲ್ಲ ತೆಳುವಾಗಿ ಬೆಳ್ಳಗಾಗಿತ್ತು. ಗೆರೆ ಮಾತ್ರ ಹಾಗೇ ಇತ್ತು. ಏನೂ ಸೇರಿಸದೆ, ಗೊತ್ತಿದ್ದಷ್ಟನ್ನೇ ನಿಧಾನವಾಗಿ ಹೇಳಿದೆ. ಮೂರನೆಯ ಸಾಲಿನಲ್ಲಿ ನಿಂತು, ನನಗೆ ನೆನಪಿಲ್ಲ ಚಿಕ್ಕಮ್ಮ ಎಂದೆ. ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದು, “ಈ ಸಲ ಚೆನ್ನಾಗಿ ಬಂತು ಕಣ್ಣು” ಎಂದಳು.

ಅವಳು ಹೋದ ಸುದ್ದಿ ಬಂದು, ಕೊಯಮತ್ತೂರಿಗೆ ಹೋಗಿ, ಎಲ್ಲ ಮುಗಿಸಿ ಮೈಸೂರಿಗೆ ಬಂದಾಗ, ತಾಯಿಯ ತಂಗಿ ತಾನೇ, ಬೇರೆ ಕುಲ, ತಲೆಗೆ ನೀರು ಹಾಕಿಕೊಂಡಿದ್ದೀಯಲ್ಲ, ಸಾಕು ಎಂದರು ನನ್ನ ಅತ್ತೆ. ಕಟ್ಟಳೆ ಅವರು ಹೇಳಿದ ಹಾಗೇ ಇತ್ತು. ಆದರೂ ನಾನು ದೇವರಿಗೆ ದೀಪ ಹಚ್ಚಲಿಲ್ಲ. ರೇಡಿಯೋ ಹಾಕಲಿಲ್ಲ, ಮಗಳ ಸಂಗೀತ ಪಾಠ ನಿಲ್ಲಿಸಿದೆ, ಗುನುಗಲೂ ಇಲ್ಲ. ಹನ್ನೊಂದನೆಯ ಬೆಳಿಗ್ಗೆ ಮಿಂದು ಬಂದು ಅಡಿಗೆಮನೆಯಲ್ಲಿ ಒಬ್ಬಳೇ ನಿಂತು ಆ ಎರಡು ಸಾಲು ಹಾಡಿದೆ. ಸದ್ದು ಪೂರ್ತಿ ಹೋಗುವವರೆಗೆ ಕಾದೆ. ಮನೆಯವರು ಈಗಲೂ ಕೇಳುತ್ತಾರೆ, ಬೇಡದ ಸೂತಕವನ್ನು ಯಾಕೆ ಹಿಡಿದೆ ಎಂದು. ಚಿಕ್ಕಮ್ಮನಿಗೆ ಹತ್ತು ದಿನ ಜಾಸ್ತಿ ಸಿಗಲಿ ಎಂದು ಹಿಡಿದೆ.